ಬ್ಲಾಗ್ ಬರೆಯುವ ಮೊಮ್ಮಗಳಿಗೆ ಗದಗಿನಿಂದ ಒಂದು ಪತ್ರ

ಗದಗ-ಬೆಟಗೇರಿ
ರವಿವಾರ

ಚಿರಂಜೀವಿ ತಂಗಿಗೆ ನಿನ್ನ ಗದಗಿನ ಅಜ್ಜ ಮಾಡುವ ಅನೇಕ ಆಶೀರ್ವಾದಗಳು. ಉಭಯ ಕುಶಲೋಪರಿ.

ನಿನ್ನ ಕಾಗದ ಬುಧವಾರ ಕೈಸೇರಿತು. ಮನೆಯ ಸುದ್ದಿಯನ್ನೆಲ್ಲ ನಿನ್ನ ಅವ್ವ ಫೋನಿನಲ್ಲಿ ಮೊದಲೇ ತಿಳಿಸಿದ್ದರಿಂದ ಅದನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ. ಮೂರು ಪುಟದ ಆ ಕಾಗದದ ಕೊನೆಗೆ, ಸಹಿಯ ಮೇಲೆ ಜಾಗ ಉಳಿಯಿತೆಂದು ತುಂಬಿಸಿದ ಹಾಗೆ ನೀನು ಬರೆದಿರುವ ಎರಡು ಸಾಲು ನನ್ನನ್ನು ನಾಲ್ಕು ದಿನಗಳಿಂದ ಬಿಟ್ಟಿಲ್ಲ. “ಮೂರು ವರ್ಷ ಬ್ಲಾಗ್ ಬರೆದೆ ಅಜ್ಜಾ, ಓದುವವರು 11 ಜನ. ಎಲ್ಲವನ್ನೂ ಅಳಿಸಿಬಿಡಬೇಕೆಂದಿದ್ದೇನೆ, ಅಳಿಸಿದರೂ ಯಾರಿಗೂ ಗೊತ್ತಾಗುವುದಿಲ್ಲ” ಎಂದು ಬರೆದಿದ್ದೀ. ಫೋನಿನಲ್ಲಿ ಮಾತನಾಡೋಣವೆಂದು ಎರಡು ಸಲ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟೆ. ನಾನು ಹೇಳಬೇಕಾದದ್ದರಲ್ಲಿ ಒಂದು ಸಂಗತಿಯನ್ನು ನಿನ್ನ ದನಿ ಕೇಳುತ್ತ ಹೇಳುವ ಧೈರ್ಯ ನನಗಿಲ್ಲ. ಕಾಗದ ಧಾರವಾಡ ಮುಟ್ಟುವುದಕ್ಕೆ ಎರಡು ಮೂರು ದಿನ ಹಿಡಿಯುತ್ತದೆ, ಅಷ್ಟರೊಳಗೆ ನೀನು ಅಳಿಸಿಯೇ ಬಿಟ್ಟಿದ್ದರೆ ಎಂಬ ಭಯವೂ ಇದೆ. ಅದಕ್ಕಾಗಿ ಈ ನಾಲ್ಕು ದಿನವೂ ಬೆಳಿಗ್ಗೆ ಮುಖ ತೊಳೆದವನೇ ಮೊಬೈಲಿನಲ್ಲಿ ನಿನ್ನ ಬ್ಲಾಗ್ ತೆರೆದು, ಇದೆಯೋ ಇಲ್ಲವೋ ನೋಡಿ, ಆಮೇಲೆ ಚಹಾ ಕುಡಿಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ಇತ್ತು.

ಓದುವವರು ಕಡಿಮೆ ಎಂಬ ಮಾತು ನನ್ನನ್ನು ಅಷ್ಟಾಗಿ ಕಲಕಲಿಲ್ಲ. ಮುದ್ರಣಕಾಶಿ ಎಂದು ಹೆಸರಾದ ಈ ಊರಿನಲ್ಲಿ 1971ರಲ್ಲಿ ಅಚ್ಚುಕೂಟವೊಂದರಲ್ಲಿ ಅಕ್ಷರದ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿ, ಮುಂದೆ ಕರಡು ತಿದ್ದುವವನಾಗಿ ಬಾಳು ಸವೆಸಿದ ನನಗೆ ಓದುಗರ ಲೆಕ್ಕ ಚೆನ್ನಾಗಿ ಗೊತ್ತು. ಹಳ್ಳಿಯ ಸಾಲಿಯ ಮಾಸ್ತರರು ಸಂಬಳದಲ್ಲಿ ಉಳಿಸಿದ ಹಣವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದು ತಮ್ಮ ಕವಿತೆಗಳನ್ನು ಅಚ್ಚು ಹಾಕಿಸುತ್ತಿದ್ದರು. 500 ಪ್ರತಿ ಎಂದರೆ ಅವರಿಗೆ ದೊಡ್ಡ ಖರ್ಚು. ಆ 500ರಲ್ಲಿ ಒಂದಿಷ್ಟು ನೆಂಟರಿಗೆ, ಒಂದಿಷ್ಟು ಶಾಲೆಗಳಿಗೆ ಹೋಗಿ, ಉಳಿದ ಗಂಟು ಮನೆಯ ಅಟ್ಟದ ಮೇಲೆ ಗೆದ್ದಲು ಹತ್ತುವ ತನಕ ಕುಳಿತಿರುತ್ತಿತ್ತು. ನಿಜವಾಗಿ ಓದಿದವರು ಎಷ್ಟು ಜನ ಎಂದು ಆ ಮಾಸ್ತರರನ್ನು ಕೇಳಿದ್ದರೆ, ಎದೆ ಮುಟ್ಟಿ ಹೇಳುವವರಾದರೆ, 11ರ ಆಸುಪಾಸಿನ ಸಂಖ್ಯೆಯನ್ನೇ ಹೇಳುತ್ತಿದ್ದರೇನೋ. ಅವರಿಗೂ ನಿನಗೂ ಇರುವ ಭೇದವಿಷ್ಟೇ: ಅವರ ಕಣ್ಣ ಮುಂದೆ ಆ ಲೆಕ್ಕ ದಿನಬೆಳಗಾದರೆ ಬಂದು ನಿಲ್ಲುತ್ತಿರಲಿಲ್ಲ, ನಿನ್ನ ಕಣ್ಣ ಮುಂದೆ ನಿಲ್ಲುತ್ತದೆ. ಆದ್ದರಿಂದ 11 ಜನ ಎಂಬುದಕ್ಕಾಗಿ ನಾನು ಈ ಕಾಗದ ಬರೆಯುತ್ತಿಲ್ಲ. ‘ಅಳಿಸಿದರೂ ಯಾರಿಗೂ ಗೊತ್ತಾಗುವುದಿಲ್ಲ’ ಎಂಬ ಮಾತಿಗಾಗಿ ಬರೆಯುತ್ತಿದ್ದೇನೆ. ಆ ಮಾತನ್ನು ನಮ್ಮ ಮನೆತನದಲ್ಲಿ ಮೊದಲು ಆಡಿದವಳು ನೀನಲ್ಲ.

ಬ್ಲಾಗ್ ಎಂದರೇನೆಂಬುದು ಎರಡು ವರ್ಷದ ಹಿಂದಿನವರೆಗೂ ನನಗೆ ಸರಿಯಾಗಿ ತಿಳಿದಿರಲಿಲ್ಲ. ಮೊಮ್ಮಗಳು ಅಲ್ಲಿ ಬರೆಯುತ್ತಾಳೆಂದ ಮೇಲೆ ತಿಳಿಯದೆ ಇರುವುದು ಸರಿಯಲ್ಲವೆಂದು ನಿನ್ನ ಮಾಮಾನನ್ನು ಕಾಡಿ, ಕೂತು, ಹುಡುಕಿ ಓದಿದೆ. ನಿಮ್ಮ ವಯಸ್ಸಿನವರು ಬ್ಲಾಗನ್ನು ಬಳಸುವುದನ್ನು ಬಲ್ಲಿರಾದರೂ ಅದು ಯಾರ ಕೈಯಿಂದ ಹುಟ್ಟಿತೆಂಬುದನ್ನು ಬಹುಶಃ ಕೇಳಿರಲಿಕ್ಕಿಲ್ಲ. 1994ರಲ್ಲಿ ಅಮೆರಿಕದ ಸ್ವಾರ್ಥ್‌ಮೋರ್ ಕಾಲೇಜಿನಲ್ಲಿ ಓದುತ್ತಿದ್ದ ಜಸ್ಟಿನ್ ಹಾಲ್ ಎಂಬ, ಇಪ್ಪತ್ತು ತುಂಬದ ಹುಡುಗ ತನ್ನ ಬದುಕಿನ ಸಂಗತಿಗಳನ್ನು ಅಂತರಜಾಲದಲ್ಲಿ ಬರೆದಿಡತೊಡಗಿದ. ಆಗ ಆ ಬಗೆಯ ಬರಹಕ್ಕೆ ಹೆಸರೇ ಇರಲಿಲ್ಲ. 1997ರ ಡಿಸೆಂಬರ್‌ನಲ್ಲಿ ಜಾರ್ನ್ ಬಾರ್ಗರ್ ಎಂಬಾತ ‘ವೆಬ್‌ಲಾಗ್’ ಎಂಬ ಪದ ಕಟ್ಟಿದ. 1999ರಲ್ಲಿ ಪೀಟರ್ ಮೆರ್‌ಹೋಲ್ಜ್ ಅದನ್ನು ‘ವಿ ಬ್ಲಾಗ್’ ಎಂದು ಒಡೆದು ಬರೆದ. ಅದರಿಂದ ಮೊದಲ ತುಂಡು ಉದುರಿ ಬ್ಲಾಗ್ ಉಳಿಯಿತು. ‘ಲಾಗ್’ ಎಂದರೆ ಹಡಗಿನವರು ದಿನದಿನದ ಗಾಳಿ, ದಾರಿ, ದೂರವನ್ನು ಬರೆದಿಡುವ ವಹಿ. ನಮ್ಮ ಕಡೆಯ ಅಂಗಡಿಕಾರರ ರೋಜಕೀರ್ದಿ ವಹಿಯ ಹಾಗೆ ಅದೂ ದಿನದ ಲೆಕ್ಕದ ಪುಸ್ತಕ. ಇದನ್ನು ಓದಿದಾಗ ನನಗೆ ಎದೆ ಝಲ್ಲೆಂದಿತು. ಯಾಕೆಂಬುದನ್ನು ಮುಂದೆ ಬರೆಯುತ್ತೇನೆ, ಸ್ವಲ್ಪ ತಾಳು.

ಅದು ಇಷ್ಟೊಂದು ಜನಪ್ರಿಯವಾದದ್ದು ಹೇಗೆಂದರೆ, ಮೊಳೆ ಜೋಡಿಸುವವನು ನಡುವೆ ಬೇಡವಾದ. ಮೊದಲು ಅಂತರಜಾಲದಲ್ಲಿ ಒಂದು ಪುಟ ಹಾಕಬೇಕಾದರೆ ಎಚ್‌ಟಿಎಂಎಲ್ ಎಂಬ ಗುರುತುಗಳ ಭಾಷೆ ಕಲಿಯಬೇಕಿತ್ತು, ಬರೆದದ್ದನ್ನು ಇಡುವುದಕ್ಕೆ ಸರ್ವರಿನಲ್ಲಿ ಜಾಗ ಹೊಂದಿಸಬೇಕಿತ್ತು. 1999ರ ಆಗಸ್ಟ್‌ನಲ್ಲಿ ಪೈರಾ ಲ್ಯಾಬ್ಸ್ ಎಂಬ ಸಣ್ಣ ಸಂಸ್ಥೆ ‘ಬ್ಲಾಗರ್’ ಎಂಬುದನ್ನು ತೆರೆದ ಮೇಲೆ, ಪೆಟ್ಟಿಗೆಯಂಥ ಒಂದು ಜಾಗದಲ್ಲಿ ಬರೆದು ಗುಂಡಿ ಒತ್ತಿದರೆ ಸಾಕು, ತಾರೀಖಿನೊಡನೆ, ಹೊಸದು ಮೇಲೆ ಹಳೆಯದು ಕೆಳಗೆ ಎಂಬ ಕ್ರಮದಲ್ಲಿ ಬರಹ ತಾನೇ ಕೂಡತೊಡಗಿತು. 2003ರ ಫೆಬ್ರುವರಿಯಲ್ಲಿ ಗೂಗಲ್ ಅದನ್ನು ಕೊಂಡಿತು. ಅದೇ ವರ್ಷ ಮೇ 27ರಂದು ಅಂಥದೇ ಇನ್ನೊಂದು ಸಾಧನ ವರ್ಡ್‌ಪ್ರೆಸ್ ಬಂತು. 2004ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟಿನವರು ‘ಬ್ಲಾಗ್’ ಎಂಬುದನ್ನೇ ಆ ವರ್ಷದ ಪದವೆಂದು ಸಾರಿದರು. ಐದೇ ವರ್ಷದ ಪದಕ್ಕೆ ಅಂಥ ಮಾನ! ನಮ್ಮಲ್ಲಿ ಒಂದು ಪುಸ್ತಕ ಅಚ್ಚಾಗಬೇಕಾದರೆ ಕಾಗದದ ದರ, ಮೊಳೆಯ ಕೊರತೆ, ಲೋಡ್ ಶೆಡ್ಡಿಂಗ್, ಬೈಂಡರ್‌ನ ಮನೆಯ ಮದುವೆ ಎಲ್ಲವೂ ಸರಿಹೋಗಬೇಕಿತ್ತು. ಹದಿನಾರು ಪುಟದ ಒಂದು ಫಾರ್ಮ್ ಅಚ್ಚಾದ ಕೂಡಲೇ ಮೊಳೆಗಳನ್ನೆಲ್ಲ ಬಿಚ್ಚಿ ಅವುಗಳ ಮನೆಮನೆಗೆ ಹಾಕಿದರಷ್ಟೇ ಮುಂದಿನ ಹದಿನಾರು ಪುಟಕ್ಕೆ ಅಕ್ಷರ ಸಿಗುತ್ತಿದ್ದವು. ನಿನಗೆ ಇವು ಒಂದೂ ಇಲ್ಲ. ಹಾಸ್ಟೆಲಿನ ಮಂಚದ ಮೇಲೆ ಕುಳಿತು, ಬಿಡಿಗಾಸು ಖರ್ಚಿಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ ಪ್ರಕಟಿಸುತ್ತೀ. ಅಳಿಸುವುದೂ ಅಷ್ಟೇ ಸುಲಭವೆಂಬುದು ಮಾತ್ರ ನನಗೆ ಹೊಳೆದಿರಲಿಲ್ಲ. ಮೊಳೆ ಬಿಚ್ಚುವಾಗ ನಮಗೆ ದುಃಖವಾಗುತ್ತಿರಲಿಲ್ಲ, ಯಾಕೆಂದರೆ ಅಚ್ಚಾದ ಕಾಗದ ಪಕ್ಕದಲ್ಲೇ ಗಟ್ಟಿ ಕಟ್ಟಿ ಕುಳಿತಿರುತ್ತಿತ್ತು. ನೀನು ಅಳಿಸಿದರೆ ಪಕ್ಕದಲ್ಲಿ ಏನು ಇರುತ್ತದೆ ತಂಗಿ?

ಓದುಗರ ಸಂಖ್ಯೆಯ ಮಾತಿಗೆ ಒಂದು ನಿಜವಾದ ಸಂಗತಿ ಹೇಳುತ್ತೇನೆ, ನೀನೂ ಹುಡುಕಿ ಓದಬಹುದು. ಇರಾಕಿನ ಬಾಗ್ದಾದಿನಲ್ಲಿ ಸಲಾಂ ಪ್ಯಾಕ್ಸ್ ಎಂಬ ಗುಪ್ತನಾಮದ ತರುಣನೊಬ್ಬ, ಜೋರ್ಡಾನ್‌ಗೆ ಓದಲು ಹೋಗಿದ್ದ ರಾಯಿದ್ ಎಂಬ ಗೆಳೆಯ ಇಮೇಲ್‌ಗೆ ಸರಿಯಾಗಿ ಉತ್ತರ ಬರೆಯುತ್ತಿರಲಿಲ್ಲವೆಂದು, ಅವನೊಬ್ಬನು ಓದಲೆಂದೇ ಬ್ಲಾಗ್ ತೆರೆದ. ‘ರಾಯಿದ್ ಎಲ್ಲಿದ್ದಾನೆ?’ ಎಂಬುದೇ ಅದರ ಹೆಸರು. ಒಬ್ಬನೇ ಓದುಗ. ಮುಂದೆ 2003ರಲ್ಲಿ ಯುದ್ಧ ಬಂದು ಬಾಗ್ದಾದಿನ ಮೇಲೆ ಬಾಂಬು ಬೀಳತೊಡಗಿದಾಗ, ಆ ಊರಿನ ಒಳಗೆ ಕುಳಿತು ದಿನಸಿಯ ದರ, ಕರೆಂಟು, ಕಿಟಕಿಯ ಗಾಜು ಎಂದು ಆತ ಬರೆಯುತ್ತಿದ್ದುದನ್ನು ಲೋಕವೆಲ್ಲ ಓದಿತು. ನಿನಗೂ ಹಾಗೆಯೇ ಆಗುತ್ತದೆಂದು ನಾನು ಹೇಳುತ್ತಿಲ್ಲ. ಯುದ್ಧ ಬಂದು ಓದುಗರು ಹೆಚ್ಚುವುದು ಯಾರಿಗೂ ಬೇಡ. ಅವನು ಬರೆಯಲು ಕುಳಿತ ದಿನ ಅವನಿಗೆ ಒಬ್ಬ ಸಾಕಾಗಿದ್ದ, ಅದನ್ನಷ್ಟೇ ಹೇಳುತ್ತಿದ್ದೇನೆ. ನೀನು ದಿನವೂ ದಾಟುವ ಸುಭಾಸ ರಸ್ತೆ, ಸಾಧನಕೇರಿಯ ಧಾರವಾಡದಲ್ಲಿಯೂ ಬೇಂದ್ರೆಯವರ ಗೆಳೆಯರ ಗುಂಪಿನವರು ತಮ್ಮತಮ್ಮೊಳಗೆ ಕುಳಿತು ಓದಿ ಕೇಳಿಸುತ್ತಿದ್ದರು. ಕೇಳುವ ಕಿವಿಗಳು ಬೆರಳೆಣಿಕೆಯವು.

ನಿನ್ನ 11 ಜನರಲ್ಲಿ ಒಬ್ಬ ನಾನು, ಇನ್ನೊಬ್ಬಳು ನಿನ್ನ ಅವ್ವ. ಉಳಿದ ಒಂಬತ್ತು ಜನ ಯಾರೆಂಬುದು ನಿನಗೂ ಗೊತ್ತಿಲ್ಲವೆಂದು ಒಮ್ಮೆ ಹೇಳಿದ್ದೀ. ನಾನು ಅವರ ಬಗ್ಗೆ ರಾತ್ರಿ ಯೋಚಿಸುತ್ತೇನೆ. ನೀನು ಹಗೇವಿನ ಮೇಲೆ ಬರೆದಿದ್ದೀಯಲ್ಲ, ಅದನ್ನು ನಾನು ನಾಲ್ಕು ಸಲ ಓದಿದೆ. ನೆಲದೊಳಗೆ ತೋಡಿ, ಒಳಗೆ ಜೋಳದ ಒಣ ದಂಟಿನ ಕಣಕಿ ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವ ಕ್ರಮವನ್ನು ನೀನು ಆ ಮುದುಕರ ಬಾಯಿಯಿಂದ ಕೇಳಿ ಬರೆದ ರೀತಿ ಅಚ್ಚುಕಟ್ಟಾಗಿದೆ. ಬಾಯಿ ತೆರೆದ ಕೂಡಲೇ ಇಳಿಯಬಾರದು, ಬಹಳ ಹೊತ್ತು ಗಾಳಿಯಾಡಲು ಬಿಟ್ಟು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು, ದೀಪ ನಂದಿದರೆ ಮನುಷ್ಯ ಇಳಿಯಬಾರದು ಎಂದು ಬರೆದು, ಕಾಳು ಉಸಿರಾಡಿ ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆಂದು ನೀನು ಕೃಷಿ ವಿಶ್ವವಿದ್ಯಾಲಯದಲ್ಲಿ ಕಲಿತ ಕಾರಣವನ್ನೂ ಪಕ್ಕದಲ್ಲಿಟ್ಟಿದ್ದೀ. ಹಳೆಯ ಮನೆಯ ಅಂಗಳದಲ್ಲಿ ಮುಚ್ಚಿಹೋದ ಹಗೇವು ಇನ್ನೂ ಎಷ್ಟೋ ಹಳ್ಳಿಗಳಲ್ಲಿವೆ. ಅದನ್ನು ತೆಗೆಯಹೊರಟ ಯಾವನಾದರೂ ಹುಡುಗ ಮೊಬೈಲಿನಲ್ಲಿ ಆ ಪದವನ್ನು ಹುಡುಕಿ ನಿನ್ನ ಪುಟಕ್ಕೆ ಬಂದರೆ, ಅವನು ಹನ್ನೆರಡನೆಯವನು. ಅವನು ಬರುವ ಹೊತ್ತಿಗೆ ಆ ಪುಟ ಇಲ್ಲದಿದ್ದರೆ ಅವನಿಗೂ ಗೊತ್ತಾಗುವುದಿಲ್ಲ, ನಿನಗೂ ಗೊತ್ತಾಗುವುದಿಲ್ಲ, ನೀನು ಬರೆದ ಮಾತು ಅಷ್ಟರಮಟ್ಟಿಗೆ ನಿಜವೇ. ಆ ನಿಜವೇ ನನ್ನನ್ನು ಹೆದರಿಸುತ್ತದೆ.

ಇನ್ನು ನಾನು ಮುಂದೂಡುತ್ತ ಬಂದ ಸಂಗತಿ.

ನಿನ್ನ ಅಜ್ಜಿ, ಎಂದರೆ ನನ್ನ ಅಕ್ಕ, ನಾಲ್ಕನೆಯ ಇಯತ್ತೆ ಮುಗಿಸಿ ಸಾಲಿ ಬಿಟ್ಟವಳು. ರೋಣ ತಾಲೂಕಿನ ಆ ಮನೆಗೆ ಕೊಟ್ಟ ಮೇಲೆ ಅವಳು ಬರೆಯುತ್ತಿದ್ದಳೆಂಬುದು ನಿನ್ನ ಅವ್ವನಿಗೂ ಸರಿಯಾಗಿ ಗೊತ್ತಿಲ್ಲ. ಮಾವನ ಅಂಗಡಿಯ ಹಳೆಯ ಕೀರ್ದಿ ವಹಿಯಲ್ಲಿ ಖಾಲಿ ಉಳಿದ ಪುಟಗಳಲ್ಲಿ, ತಾರೀಖು ಹಾಕಿ, ರಾತ್ರಿ ಎಲ್ಲರೂ ಮಲಗಿದ ಮೇಲೆ ಬರೆಯುತ್ತಿದ್ದಳು. 1979ರ ಯುಗಾದಿಗೆ ನಾನು ಹೋದಾಗ ಆ ವಹಿಯನ್ನು ಸೀರೆಯ ತುಂಡಿನಲ್ಲಿ ಸುತ್ತಿ ಕೊಟ್ಟು, “ನೀ ಅಚ್ಚಿನ ಮನ್ಯಾಗ ಇದ್ದೀಯಲ್ಲೋ ತಮ್ಮಾ, ಇದು ಅಚ್ಚಿಗೆ ಬರೂವಂಥಾದ್ದು ಐತೇನು ನೋಡು” ಎಂದಳು. ನಾನು ಹೆಮ್ಮೆಯಿಂದ ತೆಗೆದುಕೊಂಡು ಬಂದೆ. ಆಗ ನನಗೆ ಇಪ್ಪತ್ತೆಂಟು ವರ್ಷ. ಗದಗಿನಲ್ಲಿ ಕರಡು ತಿದ್ದುವುದರಲ್ಲಿ ನನ್ನಷ್ಟು ಚುರುಕಿನವರಿಲ್ಲವೆಂದು ಮಾಲಕರೇ ಹೊಗಳುತ್ತಿದ್ದ ಕಾಲ.

ನಾನು ಮಾಡಿದ್ದೇನೆಂದರೆ, ಓದುವ ಮೊದಲೇ ಕೆಂಪು ಮಸಿಯ ಪೆನ್ನು ಹಿಡಿದುಕೊಂಡು ಕುಳಿತೆ. ಅವಳು ‘ಹೊಂಟ್ರು’ ಎಂದು ಬರೆದಲ್ಲಿ ‘ಹೊರಟರು’ ಎಂದು ತಿದ್ದಿದೆ. ‘ಮಳಿ ಹೊಡೀತು’ ಎಂದಲ್ಲಿ ‘ಮಳೆ ಸುರಿಯಿತು’ ಎಂದು ಮಾಡಿದೆ. ಹೀಗೆ ಅವಳ ಒಂದೊಂದು ಸಾಲನ್ನೂ ಗ್ರಂಥದ ಕನ್ನಡಕ್ಕೆ ತಿರುಗಿಸುತ್ತ ಇಪ್ಪತ್ತು ಪುಟ ಮುಟ್ಟುವಷ್ಟರಲ್ಲಿ ಬೇಸರ ಬಂತು. ಬಿಡುವಾದಾಗ ನೋಡೋಣವೆಂದು ಅಚ್ಚುಕೂಟದ ಕಪಾಟಿನ ಕೆಳಗಿನ ಮನೆಯಲ್ಲಿ, ಗ್ಯಾಲಿ ಪ್ರೂಫು ಎಂಬ ಹಳೆಯ ಕರಡು ಹಾಳೆಗಳ ಮೇಲೆ ಇಟ್ಟೆ. ಆ ಬಿಡುವು ಒಂದೂವರೆ ವರ್ಷವಾದರೂ ಬರಲಿಲ್ಲ. 1980ರ ದೀಪಾವಳಿಗೆ ನಾನು ಊರಿಗೆ ಹೋಗಿದ್ದೆ. ಲಕ್ಷ್ಮೀಪೂಜೆಗೆಂದು ಅಚ್ಚುಕೂಟ ಸ್ವಚ್ಛ ಮಾಡಿದ ಹುಡುಗರು ಆ ಕಪಾಟಿನಲ್ಲಿದ್ದ ಪ್ರೂಫುಗಳನ್ನೆಲ್ಲ ರದ್ದಿಯವನಿಗೆ ತೂಕಕ್ಕೆ ಹಾಕಿದರು. ಅವರದು ತಪ್ಪಲ್ಲ, ಪ್ರತಿ ದೀಪಾವಳಿಗೂ ಹಾಕುವುದು ರೂಢಿ, ಅದರ ಮೇಲೆ ನನ್ನ ಅಕ್ಕನ ವಹಿ ಇದೆಯೆಂದು ನಾನು ಯಾರಿಗೂ ಹೇಳಿರಲಿಲ್ಲ. ಮರಳಿ ಬಂದು ನೋಡಿದೆ, ರದ್ದಿ ಅಂಗಡಿಗೆ ಓಡಿದೆ. ಮೂಟೆಗಳು ಹೋಗಿ ಎರಡು ದಿನವಾಗಿತ್ತು.

ಅಕ್ಕನಿಗೆ ಹೇಳಲಿಲ್ಲ. ಅವಳು ಒಮ್ಮೆ ಕೇಳಿದಾಗ ಕೆಲಸ ನಡೆದಿದೆ ಎಂದು ಸುಳ್ಳು ಹೇಳಿದೆ. ಎರಡು ವರ್ಷದ ಮೇಲೆ, ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದವಳ ಹತ್ತಿರ ಕುಳಿತು ಹೇಳಿದೆ. ಅವಳ ಕೈ ನಿಲ್ಲಲಿಲ್ಲ. “ಹೋಗಲಿ ಬಿಡೋ ತಮ್ಮಾ, ಅದನ್ನ ಯಾರು ಓದತಿದ್ರು? ಹೋದದ್ದೂ ಯಾರಿಗೂ ಗೊತ್ತಾಗಲಿಲ್ಲಲ್ಲ” ಎಂದಳು. ಮುಂದೆ ಅವಳು ಬರೆಯಲಿಲ್ಲ. ಬರೆಯುತ್ತಿದ್ದಳೋ ಏನೋ, ನನ್ನ ಕೈಗಂತೂ ಕೊಡಲಿಲ್ಲ. ಈಗ ನಿನ್ನ ಕಾಗದದ ಕೊನೆಯ ಸಾಲು ಓದಿದಾಗ ನನಗೆ ಏನಾಯಿತೆಂಬುದನ್ನು ನೀನೇ ತಿಳಿದುಕೋ. ಅವಳನ್ನು ನೀನು ಸರಿಯಾಗಿ ಕಂಡವಳಲ್ಲ, ಅವಳು ಹೋದಾಗ ನಿನಗೆ ಎರಡು ವರ್ಷ. ಆದರೂ ಅದೇ ಮಾತು, ಅದೇ ಪದಗಳು.

ನಾನು ತಿದ್ದಿದ ಆ ಇಪ್ಪತ್ತು ಪುಟಗಳಲ್ಲಿ ಒಂದು ಪುಟ ಹಗೇವಿನದೇ ಆಗಿತ್ತು. ಅವರ ಓಣಿಯಲ್ಲಿ ದೀಪ ಬಿಡದೆ ಇಳಿದ ಒಬ್ಬನನ್ನು ಹೇಗೆ ಎಳೆದು ಹಾಕಿದರು, ಅವನ ಹೆಂಡತಿ ಏನೆಂದು ಕೂಗಿದಳು, ಮರುದಿನ ಆ ಜೋಳವನ್ನು ಉಣ್ಣಬೇಕೋ ಬೇಡವೋ ಎಂದು ಹಿರಿಯರು ಕೂಡಿ ಏನು ಮಾತನಾಡಿದರು ಎಂಬುದನ್ನೆಲ್ಲ ಅವಳು ಬರೆದಿದ್ದಳು. ನಿನ್ನ ಲೇಖನ ಓದುತ್ತ ಆ ಪುಟ ನನ್ನ ಕಣ್ಣಿಗೆ ಕಟ್ಟಿತು. ಅದಕ್ಕಾಗಿಯೇ ನಾಲ್ಕು ಸಲ ಓದಿದೆ. ನಿನ್ನ ಬರಹದಲ್ಲಿ ಮೂರು ಕಾಗುಣಿತದ ತಪ್ಪುಗಳಿವೆ, ಕರಡು ತಿದ್ದಿದ ಕಣ್ಣು ಸುಮ್ಮನಿರುವುದಿಲ್ಲ. ಆದರೆ ಇಷ್ಟು ದಿನ ಅದನ್ನು ನಿನಗೆ ಬರೆಯಲಿಲ್ಲ, ಈಗಲೂ ಯಾವವೆಂದು ಹೇಳುವುದಿಲ್ಲ.

ಕನ್ನಡದಲ್ಲಿ ಅಂತರಜಾಲದ ಬರವಣಿಗೆ ಇಷ್ಟು ಸಲೀಸಾದದ್ದು ಸುಮ್ಮನೆ ಅಲ್ಲ ಎಂಬುದನ್ನೂ ನೀನು ತಿಳಿಯಬೇಕು. 1996ರಲ್ಲಿ ಪವನಜ ಅವರು ‘ವಿಶ್ವಕನ್ನಡ’ ಎಂಬ ಪತ್ರಿಕೆಯನ್ನು ಅಂತರಜಾಲದಲ್ಲಿ ತಂದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಆದರೆ ಆಗ ಒಂದೊಂದು ಅಕ್ಷರ ವಿನ್ಯಾಸಕ್ಕೂ ಒಂದೊಂದು ಸಂಕೇತ. ಆ ಅಕ್ಷರಗಳು ಓದುವವನ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತಿತ್ತು. ನಮ್ಮಲ್ಲಿಯೂ ಒಂದು ಅಚ್ಚುಕೂಟದಲ್ಲಿ ಮೊಳೆ ಇಡುವ ಕೇಸಿನ ಮನೆಗಳ ಕ್ರಮ ಇನ್ನೊಂದರಲ್ಲಿ ಇರುತ್ತಿರಲಿಲ್ಲ. ಹೊಸಬ ಬಂದು ರೂಢಿಯ ಮೇಲೆ ಕೈ ಹಾಕಿದರೆ ‘ಕ’ ಬದಲು ‘ತ’ ಕೂಡುತ್ತಿತ್ತು. ಯುನಿಕೋಡ್ ಎಂಬ ಒಂದೇ ಸಂಕೇತದಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಅಕ್ಷರಗಳು ಬಂದ ಮೇಲಷ್ಟೇ ಅದು ಮನೆಯ ಕಂಪ್ಯೂಟರುಗಳಿಗೆ ಇಳಿಯತೊಡಗಿತು. ಕನ್ನಡ ವಿಕಿಪೀಡಿಯ 2003ರಲ್ಲಿ, ಕನ್ನಡ ಬರಹಗಳ ತಾಣ ‘ಸಂಪದ’ 2005ರಲ್ಲಿ ಆರಂಭವಾದವು. ಆ ಐದಾರು ವರ್ಷ ಕನ್ನಡದ ಬ್ಲಾಗುಗಳ ಸುಗ್ಗಿ. ಊರು ಬಿಟ್ಟು ದೂರ ಹೋದ ಎಂಜಿನಿಯರುಗಳು, ಮನೆವಾರ್ತೆ ನಡೆಸುವ ಹೆಣ್ಣುಮಕ್ಕಳು, ಶಿಕ್ಷಕರು, ಪತ್ರಕರ್ತರು ತಮ್ಮ ಊರಿನ ಕೆರೆ, ಅಡುಗೆ, ಅಜ್ಜಿಯ ಬೈಗುಳ ಎಲ್ಲವನ್ನೂ ಬರೆದರು. ನಾನು ಈ ಎರಡು ವರ್ಷದಲ್ಲಿ ಅವುಗಳಲ್ಲಿ ಎಷ್ಟೋ ಓದಿದ್ದೇನೆ.

ಆ ಬ್ಲಾಗುಗಳಲ್ಲಿ ಬಹಳಷ್ಟು ಈಗ ನಿಂತಿವೆ. ಫೇಸ್‌ಬುಕ್, ವಾಟ್ಸಾಪ್ ಬಂದ ಮೇಲೆ ಬರೆಯುವವರೂ ಓದುವವರೂ ಅತ್ತ ಸರಿದರು. ಹೊಸ ಬರಹ ಬಂದ ಕೂಡಲೇ ತೋರಿಸಿಕೊಡುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿತು. ನನಗೆ ಆ ತಾರೀಖು ಮನಸ್ಸಿಗೆ ಚುಚ್ಚಿತು, ಯಾಕೆಂದರೆ 1843ರ ಜುಲೈ 1ರಂದು ಮೋಗ್ಲಿಂಗ್ ಅವರು ‘ಮಂಗಳೂರ ಸಮಾಚಾರ’ ಹೊರಡಿಸಿದ್ದರಿಂದ ನಮಗೆ ಅದು ಪತ್ರಿಕಾ ದಿನ. ಆ ಪತ್ರಿಕೆ ಮಂಗಳೂರಿನಲ್ಲಿ ಒಂದು ವರ್ಷದಷ್ಟೂ ನಿಲ್ಲದೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಎಂಬ ಹೆಸರು ಪಡೆಯಿತು. ಆದರೂ ಕನ್ನಡದ ಮೊದಲ ಪತ್ರಿಕೆಯೆಂದು ಇವತ್ತಿಗೂ ಅದನ್ನು ನೆನೆಯುತ್ತೇವೆ. ಎಷ್ಟು ವರ್ಷ ನಡೆಯಿತು, ಎಷ್ಟು ಜನ ಕೊಂಡರು ಎಂದು ಯಾರೂ ಕೇಳುವುದಿಲ್ಲ. ನೀನು ಮುಂದೆ ಬರೆಯದೆ ನಿಲ್ಲಿಸಿದರೆ ನಾನು ಒತ್ತಾಯ ಮಾಡುವುದಿಲ್ಲ. ಬರೆದು ಬೇಸತ್ತವರನ್ನು ಬರೆ ಎನ್ನುವುದು ಸರಿಯಲ್ಲ. ನಿಂತ ಬ್ಲಾಗನ್ನೂ ಓದಬಹುದು, ನಾನೇ ಓದಿದ್ದೇನೆ. ಅಳಿಸಿದ್ದನ್ನು ಓದಲಾಗುವುದಿಲ್ಲ. ಇಷ್ಟನ್ನು ಹೇಳಲು ಇಷ್ಟು ಪುಟ ಹಿಡಿಯಿತು, ಬೇಸರಿಸಿಕೊಳ್ಳಬೇಡ.

ಉಪದೇಶ ಮಾಡುವ ಯೋಗ್ಯತೆ ನನಗೆ ಎಷ್ಟಿದೆಯೆಂಬುದನ್ನು ಮೇಲೆಯೇ ಬರೆದಿದ್ದೇನೆ, ಆದ್ದರಿಂದ ಇವುಗಳನ್ನು ಕೇಳಿದರೆ ಕೇಳು. ನೀನು ಅಳಿಸದಿದ್ದರೂ ಆ ಜಾಗ ನಿನ್ನದಲ್ಲ, ಇನ್ನೊಬ್ಬರದು. ಜಿಯೊಸಿಟೀಸ್ ಎಂಬಲ್ಲಿ ಲಕ್ಷಗಟ್ಟಲೆ ಜನ ಕಟ್ಟಿದ್ದ ಪುಟಗಳನ್ನು ಯಾಹೂ ಸಂಸ್ಥೆಯವರು 2009ರ ಅಕ್ಟೋಬರ್‌ನಲ್ಲಿ ಮುಚ್ಚಿಬಿಟ್ಟರು. 2006ರ ಜುಲೈನಲ್ಲಿ, ಮುಂಬಯಿಯ ರೈಲುಗಳಲ್ಲಿ ಬಾಂಬು ಸಿಡಿದ ಮೇಲೆ, ಸರಕಾರ ಕೆಲವೇ ಪುಟಗಳನ್ನು ತಡೆಯಲು ಹೇಳಿದರೆ ಇಂಟರ್‌ನೆಟ್ ಕೊಡುವ ಕಂಪನಿಗಳು ಬ್ಲಾಗರ್‌ನ ಬರಹಗಳಿರುವ ಬ್ಲಾಗ್‌ಸ್ಪಾಟನ್ನೇ ಕೆಲವು ದಿನ ತಡೆದವು. ಹೀಗಾಗಿ ನಿನ್ನ ಬರಹದ ಒಂದು ಪ್ರತಿಯನ್ನು ನಿನ್ನ ಹತ್ತಿರ ಇಟ್ಟುಕೋ. ಬ್ಲಾಗರ್‌ನ ಸೆಟ್ಟಿಂಗ್ಸ್‌ನಲ್ಲಿ ಎಲ್ಲವನ್ನೂ ಒಮ್ಮೆಗೇ ಇಳಿಸಿಕೊಳ್ಳುವ ಅನುಕೂಲವಿದೆಯಂತೆ, ನಿನ್ನ ಮಾಮಾ ತೋರಿಸಿದ. ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆಯವರು 2001ರಿಂದ ನಡೆಸುತ್ತಿರುವ ವೇಬ್ಯಾಕ್ ಮಷೀನ್ ಎಂಬಲ್ಲಿ ಪುಟದ ವಿಳಾಸ ಕೊಟ್ಟರೆ ಅವರೂ ಒಂದು ಪ್ರತಿ ತೆಗೆದಿಡುತ್ತಾರೆ. ಆದರೂ ನನ್ನ ಮನಸ್ಸು ಕಾಗದದ ಮೇಲೆಯೇ. ಒಂದು ಪ್ರತಿ ಮುದ್ರಿಸಿ ನಿನ್ನ ಅವ್ವನ ಟ್ರಂಕಿನಲ್ಲಿಡು. ಖರ್ಚು ನಾನು ಕೊಡುತ್ತೇನೆ. ಇದನ್ನು ಬೇಡ ಎನ್ನಬೇಡ.

ನೋಡಲು ನಾಚಿಕೆಯಾಗುವ ಬರಹವಿದ್ದರೆ ಅದನ್ನು ಕಾಣದಂತೆ ಡ್ರಾಫ್ಟಿಗೆ ಹಾಕಬಹುದಂತೆ, ಅಳಿಸಬೇಕಾಗಿಲ್ಲ. ಇನ್ನೊಂದು: ‘ಹಗೇವು’ ಎಂದು ಬರೆದಲ್ಲಿ ಒಂದು ಸಲವಾದರೂ ‘ಹಗೆ’ ಎಂದೂ ‘ಕಣಜ’ ಎಂದೂ ಸೇರಿಸು. ಬೇರೆ ಕಡೆಯವರು ಬೇರೆ ಪದದಿಂದ ಹುಡುಕುತ್ತಾರೆ, ಪದ ಸಿಗದಿದ್ದರೆ ನಿನ್ನ ಬಾ‌ಗಿಲಿಗೆ ಬರುವುದಿಲ್ಲ. ಹೇಳಿದ ಮುದುಕರ ಹೆಸರು ಹಾಕುವ ಮೊದಲು ಅವರನ್ನು ಕೇಳು. ನೀನು ಕೇಳಿಯೇ ಇರುತ್ತೀ. ಓದುಗರ ಲೆಕ್ಕದ ಪುಟವನ್ನು ಬೆಳಿಗ್ಗೆ ನೋಡಬೇಡ ಎನ್ನಬೇಕೆಂದಿದ್ದೆ, ಆದರೆ ನಾನೇ ನಾಲ್ಕು ದಿನದಿಂದ ಬೆಳಿಗ್ಗೆ ಎದ್ದು ಮೊಬೈಲ್ ಹಿಡಿಯುತ್ತಿರುವಾಗ ನಿನಗೆ ಆ ಮಾತು ಹೇಗೆ ಹೇಳಲಿ. ಅಷ್ಟೇ ಅಲ್ಲ, ನಾನು ದಿನವೂ ತೆರೆಯುವುದರಿಂದ ನಿನ್ನ ಲೆಕ್ಕ ತಪ್ಪುತ್ತಿದೆಯೋ ಏನೋ, ಹಾಗಾಗಿದ್ದರೆ ಕ್ಷಮಿಸು.

ನಿನ್ನ ಮಾತಿನ ನಡೆಯನ್ನು ಯಾರು ತಿದ್ದಲು ಬಂದರೂ ಬಿಡಬೇಡ, ನಾನು ಬಂದರೂ.

ಒಂದು ವೇಳೆ ಈ ಕಾಗದ ತಲುಪುವ ಮೊದಲೇ ನೀನು ಅಳಿಸಿದ್ದರೆ, ಬ್ಲಾಗರ್‌ನಲ್ಲಿ ಅಳಿಸಿದ್ದನ್ನು ಕೆಲವು ದಿನಗಳವರೆಗೆ ಮರಳಿ ತರಲು ಬರುತ್ತದೆಂದು ಓದಿದ್ದೇನೆ. ಹುಡುಕು. ರದ್ದಿ ಅಂಗಡಿಗೆ ನಾನು ಎರಡು ದಿನ ತಡವಾಗಿ ಹೋದೆ, ನಿನಗೆ ಅದಕ್ಕಿಂತ ಹೆಚ್ಚು ಅವಕಾಶವಿದೆ.

ಇದರೊಡನೆ ನಾಲ್ಕು ಹಾಳೆ ಬೇರೆ ಇಟ್ಟಿದ್ದೇನೆ. ಅಕ್ಕ ಹಗೇವಿನ ಬಗ್ಗೆ ಬರೆದ ಆ ಪುಟದಲ್ಲಿ ನನಗೆ ನೆನಪಿರುವಷ್ಟನ್ನು, ಅವಳು ಬರೆದ ಹಾಗೆಯೇ, ‘ಹೊಂಟ್ರು’ ಎಂದಿದ್ದಲ್ಲಿ ‘ಹೊಂಟ್ರು’ ಎಂದೇ ಬರೆದಿದ್ದೇನೆ. ನಲವತ್ತು ವರ್ಷಗಳಿಗೂ ಮೀರಿದ ನೆನಪು, ಎಲ್ಲ ಸಾಲುಗಳೂ ಅವಳವೇ ಎಂದು ಪ್ರಮಾಣ ಮಾಡಲಾರೆ. ನಿನ್ನ ಬ್ಲಾಗಿನಲ್ಲಿ ಹಾಕುವುದೂ ಬಿಡುವುದೂ ನಿನಗೆ ಬಿಟ್ಟದ್ದು. ಮೂರನೆಯ ಹಾಳೆಯಲ್ಲಿ, ಹಗೇವಿನೊಳಗೆ ಹಾಸುವುದನ್ನು ಅವಳು ‘ಕಣಕಿ’ ಎಂದಿದ್ದಳೋ ‘ಸೊಪ್ಪಿ’ ಎಂದಿದ್ದಳೋ ಎಂಬಲ್ಲಿ ನನಗೆ ಅನುಮಾನ ಬಂದು ಜಾಗ ಖಾಲಿ ಬಿಟ್ಟಿದ್ದೇನೆ. ನಿನ್ನ ಅವ್ವನನ್ನು ಕೇಳಿ ತುಂಬಿಸು. ಅಳಿಸಿದ್ದೀಯೋ ಇಲ್ಲವೋ ಎಂಬುದನ್ನು ಮಾತ್ರ ಒಂದು ಸಾಲಿನಲ್ಲಿಯಾದರೂ ತಿಳಿಸು.

ಲಕೋಟೆ ಅಂಟಿಸುವ ಮೊದಲು ಇನ್ನೊಮ್ಮೆ ತೆರೆದು ನೋಡಿದೆ. ಹಗೇವಿನ ಲೇಖನ ಇದೆ.

ನಿನ್ನ
ಗದಗಿನ ಅಜ್ಜ